ಅಳಿಯನ ಕಾಲು, ಮಾವನ ಮಾತು

ಮೂವತ್ತು ವರ್ಷದಿಂದ ಅವನು ಕಾಲು ಹಿಡಿದೇ ಬದುಕಿದವನು. ಲೋಕದಲ್ಲಿ ಕಾಲು ಹಿಡಿದು ಮೇಲೆ ಹೋದವರು ಬೇಕಾದಷ್ಟಿದ್ದಾರೆ. ಇವನು ಮಾತ್ರ ಎಣ್ಣೆ ಹಚ್ಚಿ, ಉಜ್ಜಿ, ಹಿಂಡಿ, ಇದ್ದಲ್ಲೇ ಇದ್ದ. ಸೈಕಲ್ ತಂಡವೊಂದರ ಮಾಲೀಸಿನವನು. ಇಪ್ಪತ್ತೊಂದು ದಿನದ ಬೆಟ್ಟದ ರೇಸಿನಲ್ಲಿ ಹದಿನೆಂಟು ದಿನ ಮುಗಿದಿತ್ತು. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲು, ಎಲ್ಲ ಹೋಟೆಲಿನಲ್ಲೂ ಅದೇ ಕಂದು ಕಾರ್ಪೆಟ್ಟು. ಮುಖಗಳು ಅವನಿಗೆ ನೆನಪಿರುತ್ತಿರಲಿಲ್ಲ. ಸವಾರನೊಬ್ಬ ಪ್ಯಾಂಟು ಹಾಕಿಕೊಂಡು ಎದುರಿಗೆ ಬಂದರೆ ಗುರುತೇ ಸಿಗುತ್ತಿರಲಿಲ್ಲ.

ಈ ಸಂಜೆ ಮಾಲೀಸಿನ ಮೇಜಿನ ಮೇಲೆ ಬಂದು ಬಿದ್ದ ಕಾಲುಗಳು ಮಾತ್ರ ಮರೆಯುವಂಥವಲ್ಲ. ಅವು ಅಳಿಯನವು. ಮನೆಯಲ್ಲಿ ಅಳಿಯನಿಗೆ ಬಹುವಚನ, ಮೇಜಿನ ಮೇಲೆ ಏಕವಚನ. ಬರೀ ಟವೆಲ್ಲು ಸುತ್ತಿಕೊಂಡು ಮಕಾಡೆ ಬಿದ್ದವನಿಗೆ ‘ನೀವು’ ಎನ್ನಲು ಮಾಲೀಸಿನವನಿಗೆ ಬಾಯಿ ಬರುತ್ತಿರಲಿಲ್ಲ.

“ಹೇಗಿದೆ ಮಾವ?”

ಹೆಬ್ಬೆರಳು ತೊಡೆಯೊಳಗೆ ಇಳಿಯಿತು. ಇಳಿದದ್ದು ಇಳಿದ ಹಾಗೇ ಉಳಿಯಿತು. ಒಳ್ಳೆಯ ಮಾಂಸಖಂಡ ಬೆರಳನ್ನು ವಾಪಸು ತಳ್ಳುತ್ತದೆ. ಇದು ನೆನೆದ ಗೋಣಿಚೀಲದ ಹಾಗೆ ಸುಮ್ಮನಿತ್ತು.

“ಇದೆ” ಎಂದ ಮಾವ. ಕಾಲು ಇರುವುದಂತೂ ಸುಳ್ಳಲ್ಲ.

ಬೆಳಿಗ್ಗೆ ಮಗಳು ಫೋನಿನಲ್ಲಿ ಹೇಳಿದ್ದಳು: “ಅಪ್ಪಾ, ಈ ರೇಸ್ ಮುಗಿದ್ಮೇಲೆ ಮ್ಯಾನೇಜರ್ ಇವರ ಹತ್ರ ಇನ್ನೆರಡು ವರ್ಷಕ್ಕೆ ಸಹಿ ಕೇಳ್ತಾರಂತೆ. ಕೊರಳೆಲುಬು ಎರಡು ಸಲ ಮುರಿದಿದೆ. ಮೂರನೇ ಸಲ ಬೀಳೋದು ಎಲುಬಿನ ಮೇಲೋ ತಲೆ ಮೇಲೋ ಯಾರಿಗೆ ಗೊತ್ತು? ನಾನು ಹೇಳಿದ್ರೆ ಹೆಂಡ್ತಿ ಭಯ ಅಂತಾರೆ. ನಿನ್ನ ಬೆರಳಿನ ಮಾತು ಕೇಳ್ತಾರೆ. ಕಾಲು ಮುಗೀತು, ಸಾಕು ಅಂತ ನೀನೇ ಹೇಳಿಬಿಡು.”

ಹೇಳುವುದು ಸುಲಭವಿತ್ತೇ? ಹದಿನೆಂಟೂ ದಿನದ ಸಮಯ ಕೂಡಿಸಿದ ಒಟ್ಟು ಲೆಕ್ಕದಲ್ಲಿ ಅಳಿಯ ಮೂರನೆಯವನಾಗಿದ್ದ. ಮೊದಲನೆಯವನು ‘ಗಡಿಯಾರ’, ಏರಿರಲಿ ಇಳಿಜಾರಿರಲಿ ಒಂದೇ ಲಯದಲ್ಲಿ ತುಳಿಯುವವನು. ಎರಡನೆಯವನು ‘ಮೇಕೆ’, ಬೆಟ್ಟ ಕಂಡರೆ ಬಾಲ ಎತ್ತುವವನು. ಅಳಿಯ ಗಡಿಯಾರನಿಗಿಂತ ಒಂದು ನಿಮಿಷ ಹತ್ತು ಸೆಕೆಂಡು ಹಿಂದೆ. ಅಳಿಯನ ತಂಡದಲ್ಲೇ ‘ಜಿಗಣೆ’ ಎಂಬವನೊಬ್ಬ ನಾಲ್ಕು ನಿಮಿಷ ಹಿಂದೆ ಬಿದ್ದು ಆರನೆಯವನಾಗಿದ್ದ. ಯಾರದೋ ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಮೂರು ವಾರ ಸವೆಸಿದ್ದವನನ್ನು ಪತ್ರಿಕೆಯವರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ನಾಳೆ ದೊಡ್ಡ ಬೆಟ್ಟಗಳ ಕೊನೆಯ ದಿನ.

“ನಾಳೆ ಗಡಿಯಾರದ ಕೀಲಿ ಕಳಚ್ತೀನಿ ನೋಡಿ ಮಾವ” ಎನ್ನುತ್ತಲೇ ಅಳಿಯ ಗೊರಕೆ ಹೊಡೆದ.

ಮಾಲೀಸಿನವನು ಬೆವರು ಹಿಡಿದ ಬಟ್ಟೆಗಳ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದ. ಮಾಲೀಸಿನವರಿಗೆ ಒಗೆಯುವ ಕೆಲಸವೂ ಉಚಿತವಾಗಿ ಅಂಟಿಕೊಂಡಿತ್ತು. ಎಲ್ಲ ತಂಡಗಳ ಲಾರಿಗಳೂ ಅಲ್ಲೇ ನಿಂತು, ಒಳಗಿನ ವಾಷಿಂಗ್ ಮಷೀನುಗಳು ಗಡಗಡ ತಿರುಗುತ್ತಿದ್ದವು. ಮಷೀನು ಕೊಳೆ ತೆಗೆಯುವಷ್ಟು ಹೊತ್ತು ಮಾಲೀಸಿನವರು ಸುಳ್ಳು ತೆಗೆಯುತ್ತಿದ್ದರು. ಅದಕ್ಕೂ ಒಂದು ಪದ್ಧತಿಯಿತ್ತು. ನಿಮ್ಮವನ ಕಾಲು ಗಟ್ಟಿಯಿದ್ದರೆ ‘ಸತ್ತೇ ಹೋಗಿದ್ದಾನೆ’ ಎನ್ನಬೇಕು. ಸತ್ತೇ ಹೋಗಿದ್ದರೆ ‘ಹಾರಾಡ್ತಿದ್ದಾನೆ’ ಎನ್ನಬೇಕು. ಕೇಳಿದವನು ಅದನ್ನು ಉಲ್ಟಾ ಮಾಡಿಕೊಂಡು ತನ್ನ ಮ್ಯಾನೇಜರಿಗೆ ಮುಟ್ಟಿಸಬೇಕು. ಎಲ್ಲರೂ ಶ್ರದ್ಧೆಯಿಂದ ಸುಳ್ಳಾಡುತ್ತಿದ್ದುದರಿಂದ ಯಾರಿಗೂ ಮೋಸವಾಗುತ್ತಿರಲಿಲ್ಲ.

ಗಡಿಯಾರನ ತಂಡದ ಮಾಲೀಸಿನವನಿಗೆ ‘ಸೋಪು’ ಎಂದು ಹೆಸರು. ಅಷ್ಟು ಜಾರುವ ಮನುಷ್ಯ.

“ಏನಣ್ಣ, ಅಳಿಯದೇವರ ಕಾಲು ಹೇಗಿದೆ?”

ಇವನು ‘ಹಾರಾಡ್ತಿದ್ದಾನೆ’ ಎನ್ನಬೇಕಿತ್ತು. ಆದರೆ ಹದಿನೆಂಟು ದಿನದ ದಣಿವು ನಾಲಿಗೆಗೂ ಹತ್ತಿತ್ತು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಬೆಳಿಗ್ಗೆ ಮಗಳು ಹೇಳಿಕೊಟ್ಟಿದ್ದ ಮಾತು ತಾನಾಗಿ ಹೊರಬಿತ್ತು.

“ಮುಗೀತು ಕಣೋ. ಎರಡೂ ಕಾಲು ಮುಗೀತು. ನಾಳೆ ಮೊದಲನೇ ಬೆಟ್ಟಾನೂ ದಾಟಲ್ಲ.”

ಸೋಪು ತಲೆಯಿಂದ ಕಾಲಿನವರೆಗೆ ಅವನನ್ನೇ ನೋಡಿದ. “ಹೌದಾ? ಅಷ್ಟು ಮುಗೀತಾ?” ಎಂದವನೇ, ತನ್ನ ಮಷೀನು ನಿಲ್ಲುವ ಮೊದಲೇ ಮ್ಯಾನೇಜರನ ಹತ್ತಿರ ಓಡಿದ.

ಇವನು ಬುಟ್ಟಿಯ ಬಟ್ಟೆಗಳನ್ನು ಮಷೀನಿಗೆ ತುಂಬಿದ. ಮಗಳಿಗಾಗಿ ಅಳಿಯನಿಗೆ ಹೇಳಬೇಕಾದದ್ದನ್ನು ಹೋಗಿ ಹೋಗಿ ಎದುರಾಳಿಗೆ ಹೇಳಿಬಿಟ್ಟಿದ್ದ.

ಮಾರನೆಯ ದಿನ ಅವನು ಟವೆಲ್ಲು, ಬಾಟಲಿ ಹಿಡಿದು ಕೊನೆಯ ಬೆಟ್ಟದ ತುದಿಯಲ್ಲಿ ಕಾಯುತ್ತಿದ್ದ. ದೊಡ್ಡ ಪರದೆಯ ಮೇಲೆ ರೇಸು ಕಾಣುತ್ತಿತ್ತು. ಮೊದಲನೆಯ ಬೆಟ್ಟದ ಅರ್ಧಕ್ಕೇ ಅಳಿಯ ಬಾಯಿ ತೆರೆದುಕೊಂಡು ಹಿಂದೆ ಸರಿದ. ಈಗ ಗಡಿಯಾರ ಬಿಟ್ಟು ಹೋಗುತ್ತಾನೆ ಎಂದು ಇವನು ಕಣ್ಣು ಮುಚ್ಚಿದ. ತೆರೆದಾಗ ಗಡಿಯಾರನೂ ಹಿಂದೆ ಸರಿದು ಅಳಿಯನ ಪಕ್ಕದಲ್ಲೇ ಇದ್ದ. ಅವನನ್ನು ಕಂಡು ಮೇಕೆಯೂ ಹಿಂದೆ ಬಂದ. ಅಳಿಯ ತಲೆ ತಗ್ಗಿಸಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಳಿಯ ಕೆಮ್ಮಿದರೆ ಇಬ್ಬರೂ ಗೇರು ಬದಲಿಸಿದರು. ಎದುರಾಳಿಗಳ ಪಾಲಿಗೆ ಅಂಥ ನಟ ಹುಟ್ಟಿಯೇ ಇರಲಿಲ್ಲ.

ಆ ಹೊತ್ತಿಗೆ ಜಿಗಣೆ ಅಂಟಿಕೊಳ್ಳಲು ಯಾರೂ ಸಿಗದೆ, ಬೇರೆ ದಾರಿ ಕಾಣದೆ, ಮುಂದೆ ಹೋದ. ಯಾರೂ ತಡೆಯಲಿಲ್ಲ. ಮೂರು ಬೆಟ್ಟ ದಾಟಿ ಎಲ್ಲರಿಗಿಂತ ಐದೂವರೆ ನಿಮಿಷ ಮೊದಲು ತುದಿ ಮುಟ್ಟಿ, ಒಟ್ಟು ಲೆಕ್ಕದಲ್ಲೂ ಮೊದಲನೆಯವನಾದ. ‘ಸತ್ತವನು ನಿಜಕ್ಕೂ ಸತ್ತಿದ್ದಾನೆ’ ಎಂದು ಗಡಿಯಾರನಿಗೆ ಹೊಳೆದದ್ದು ಕೊನೆಯ ಬೆಟ್ಟದಲ್ಲಿ, ಅಳಿಯ ಇಳಿದು ಸೈಕಲ್ ತಳ್ಳತೊಡಗಿದಾಗ.

ಮ್ಯಾನೇಜರ್ ಓಡಿಬಂದು ಮಾಲೀಸಿನವನನ್ನು ಟವೆಲ್ಲಿನ ಸಮೇತ ತಬ್ಬಿಕೊಂಡ. “ಏನ್ ತಲೆ ರೀ ನಿಮ್ದು! ಸೋಪು ತಲೆ ಚಚ್ಕೋತಿದ್ದಾನೆ. ಮುಗೀತು ಅಂತ ನಿಜಾನೇ ಹೇಳಿ ಕೆಡವಿಬಿಟ್ರಲ್ಲ! ನಿಮ್ಮಳಿಯಂದಿರು ಸುಮ್ನೆ ಏದುಸಿರು ಬಿಟ್ಟರೂ ಸಾಕು, ಇಬ್ಬರನ್ನ ಕಟ್ಟಿಹಾಕ್ತಾರೆ. ರೇಸ್ ಮುಗಿಯೋ ತನಕ ಯಾಕೆ ಕಾಯೋದು? ಇವತ್ತೇ ಸಹಿ ಹಾಕಿಸ್ತೀನಿ.”

“ಇಲ್ಲ ಸಾರ್, ಅದು ನಾನು ಬೇಕಂತ ಹೇಳಿದ್ದಲ್ಲ...”

“ಅಯ್ಯೋ, ನಿಮ್ಮ ವಿನಯ ಒಂದು!”

ಸಂಜೆ ಮತ್ತೆ ಅದೇ ಮೇಜು. ಅಳಿಯ ಮುಕ್ಕಾಲು ಗಂಟೆ ತಡವಾಗಿ ಗುರಿ ಮುಟ್ಟಿದ್ದ. ಆದರೂ ಮುಖದಲ್ಲಿ ಗೆದ್ದವನ ಕಳೆ. ತಲೆಯ ಹತ್ತಿರ, ಸ್ಟೂಲಿನ ಮೇಲೆ, ಮ್ಯಾನೇಜರ್ ಕೊಟ್ಟ ಕಾಗದವಿತ್ತು.

ಮಾವ ಎಣ್ಣೆ ಬಾಟಲಿ ಕೆಳಗಿಟ್ಟ. “ನೋಡಪ್ಪ, ನಿನ್ನೆ ನಿಂಗೆ ಹೇಳಬೇಕಿತ್ತು, ಹೇಳಲಿಲ್ಲ. ನಿನ್ನ ಕಾಲು ಮುಗೀತು. ಆಟ ಅಲ್ಲ, ತಮಾಷೆ ಅಲ್ಲ. ಸಾಕು ಮಾಡು. ಮನೆಗೆ ಹೋಗೋಣ.”

ಅಳಿಯ ಮೊಣಕೈ ಊರಿ ತಿರುಗಿ, ಮಾವನ ಮುಖವನ್ನೇ ನೋಡಿದ. ಆಮೇಲೆ ಮೇಜು ಅಲುಗುವ ಹಾಗೆ ನಕ್ಕ.

“ಅಬ್ಬಾ! ಒಂಚೂರೂ ನಗಲ್ಲ ನೋಡಿ ನೀವು! ಸೋಪಿನ ಮುಂದೇನೂ ಇದೇ ಮುಖ ಇಟ್ಟಿದ್ರಾ?”

“ನಿಜ ಹೇಳ್ತಿದೀನಪ್ಪ.”

“ನಿಜ ಹೇಳೋರಲ್ಲಿ ನಿಮ್ಮಂಥ ಸುಳ್ಳರನ್ನ ನಾನು ಕಂಡಿಲ್ಲ ಮಾವ. ಎಲ್ಲಿ, ಒಂದು ಪೆನ್ನು ಕೊಡಿ.”

“ನನ್ನ ಹತ್ರ ಇಲ್ಲ.”

ಅಳಿಯ ಕೈ ಚಾಚಿ, ಮಾವನ ಅಂಗಿಯ ಜೇಬಿನಿಂದ ಪೆನ್ನು ತೆಗೆದುಕೊಂಡ. ಮಲಗಿದಲ್ಲೇ, ಕಾಗದವನ್ನು ದಿಂಬಿಗೆ ಒತ್ತಿ ಹಿಡಿದು, ಸಹಿ ಹಾಕಿದ. ದಿಂಬಿಗೆ ಹತ್ತಿದ್ದ ಎಣ್ಣೆ ತಾಗಿ ಕಾಗದದ ಮೂಲೆ ಪಾರದರ್ಶಕವಾಯಿತು.

“ಎಡಗಾಲು ನೋಡಿ ಮಾವ. ಅದು ಸ್ವಲ್ಪ ಹಿಡ್ಕೊಂಡಿದೆ.”

ಮಾವ ಎಡಗಾಲು ಹಿಡಿದ. ಹೆಬ್ಬೆರಳು ಒಳಗಿಳಿಯಿತು, ಇಳಿದಲ್ಲೇ ನಿಂತಿತು. ದಿಂಬಿನ ಕಡೆಯಿಂದ ಗೊರಕೆ ಕೇಳಿಸಿತು.