ಐದನೇ ಸರ್ವರ್

ಲಕ್ಕಣ್ಣ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡುತ್ತಿದ್ದರು. ಒಂದು ವರ್ಷ, ಒಂದೇ ಮಾತು. "ಐದು ಮಾತಾಡ್ತಿಲ್ಲ ಕಣಮ್ಮ." ಗೊತ್ತು ಬಿಡಿ ಎಂದು ನಾನು ಸಿಡುಕುತ್ತಿದ್ದೆ. ಆಮೇಲೆ ಅವರು ತಿಂಡಿ ಏನು ಮಾಡಿದೆ ಎಂದು ಕೇಳುತ್ತಿದ್ದರು.

ಬೀರೂರಿನಲ್ಲಿ ನಮ್ಮ ಕಂಪನಿಯ ಹನ್ನೆರಡು ಸರ್ವರ್‌ಗಳಿದ್ದವು. ಅವನ್ನು ಗಮನಿಸುವ ಸಾಫ್ಟ್‌ವೇರ್ ಅರ್ಧ ನಿಮಿಷಕ್ಕೊಮ್ಮೆ ಒಂದೊಂದನ್ನೂ ಹುಷಾರಾಗಿದ್ದೀಯಾ ಎಂದು ಕೇಳುತ್ತದೆ. ಐದನೆಯದು ಸುಟ್ಟುಹೋಗಿ, ಗುಜರಿಗೆ ಹಾಕಿ ವರ್ಷವಾಗಿತ್ತು. ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದಿತ್ತು. ಪಾಪ, ಸಾಫ್ಟ್‌ವೇರಿಗೇನು ಗೊತ್ತು? ಕೇಳುತ್ತಲೇ ಇತ್ತು, ಉತ್ತರವಿಲ್ಲ ಎಂದು ಲಾಗ್ ಎಂಬ ದಾಖಲೆಯಲ್ಲಿ ಬರೆಯುತ್ತಲೇ ಇತ್ತು. ದಿನಕ್ಕೆ ಎರಡು ಸಾವಿರದ ಎಂಟುನೂರ ಎಂಬತ್ತು ಎರರ್. ನೂರು ದಾಟಿದರೆ ಸರ್ವರ್ ರೂಮಿನ ಕಾವಲಿನವರು ಇಂಜಿನಿಯರ್‌ಗೆ ಫೋನ್ ಮಾಡಬೇಕೆಂಬುದು ರೂಲು. ಆ ಕಾವಲಿನವರು ಲಕ್ಕಣ್ಣ, ಆ ಇಂಜಿನಿಯರ್ ನಾನು. ಅಮ್ಮ ತೀರಿಕೊಂಡ ಮೇಲೆ ತರೀಕೆರೆಯ ಈ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ಕೆಲಸ ಮಾಡುತ್ತೇನೆ. ಕೆಲವು ದಿನ ಲಕ್ಕಣ್ಣನ ದನಿ ಬಿಟ್ಟರೆ ಬೇರೆ ದನಿಯೇ ಕಿವಿಗೆ ಬೀಳುತ್ತಿರಲಿಲ್ಲ.

ಅವರು ಮೊದಲು ಲಕ್ಕವಳ್ಳಿ ಅಣೆಕಟ್ಟಿನಲ್ಲಿದ್ದವರು. ಬೆಳಿಗ್ಗೆ ನೀರಿನ ಮಟ್ಟ ನೋಡಿ ಆಫೀಸಿಗೆ ತಿಳಿಸುವ ಕೆಲಸ. ಒಮ್ಮೆ ರೇಗಿ, ದಿನಾ ಅದನ್ನೇ ಯಾಕೆ ಹೇಳುತ್ತೀರಿ ಎಂದೆ.

"ನೀರು ಏರ್ದೇ ಇದ್ರೂ ಇಳೀದೇ ಇದ್ರೂ ಫೋನ್ ಮಾಡ್ಬೇಕಮ್ಮ. ಇಲ್ದಿದ್ರೆ ಆ ಕಡೆಯೋರು ಏನಾಯ್ತೋ ಅಂತ ಕಾಯ್ತಾ ಕೂತಿರ್ತಾರೆ."

ಹೋದ ತಿಂಗಳು ಎರಡನೇ ಸರ್ವರ್‌ನ ಡಿಸ್ಕ್ ಕೆಟ್ಟಿತು. ಮೂರು ದಿನ ಮೊದಲೇ ಅದು ಲಾಗ್‌ನಲ್ಲಿ ಎಚ್ಚರಿಕೆ ಬರೆದಿತ್ತು. ಐದನೆಯದರ ಗಲಾಟೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಮ್ಯಾನೇಜರ್ ಶಿವಪ್ರಸಾದ್ ಚೆನ್ನಾಗಿ ಉಗಿದರು. ಪಟ್ಟಿಯಲ್ಲಿ ಒಂದು ಸಾಲು ಅಳಿಸಿದರೆ ಮುಗಿಯುವ ಕೆಲಸ, ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದರು. ಪುರುಸೊತ್ತಾಗಲಿಲ್ಲ ಎಂದೆ. ಸುಳ್ಳು. ಅಳಿಸಿದರೆ ಹನ್ನೊಂದರ ಫೋನ್ ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಳಿಸಿದೆ. ಎರರ್ ಸೊನ್ನೆಗಿಳಿಯಿತು. ಶಭಾಷ್ ಎಂದು ಮೇಲ್ ಬಂತು.

ಮಾರನೆಯ ದಿನ ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ನಾನೇ ಮಾಡಬಹುದಿತ್ತು, ಏನೆಂದು ಮಾಡಲಿ? ಹಾಳು ಬಿಗುಮಾನದಲ್ಲಿ ನಾಲ್ಕು ದಿನ ಕಳೆದೆ. ಕೊನೆಗೆ ಮಾಡಿದಾಗ ಬೀರೂರಿನ ಲ್ಯಾಂಡ್‌ಲೈನ್ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಶಿವಪ್ರಸಾದರನ್ನು ಕೇಳಿದೆ.

"ಎರರ್ರೇ ಬರಲ್ವಲ್ಲ ಮೇಡಂ, ಇನ್ನು ಕಾವಲು ಯಾಕೆ ಅಂತ ತೆಗೆದ್ವಿ. ಸೋಮವಾರವೇ ಹೋದ್ರು."

ಮಗಳ ಊರಿಗೆ ಹೋದರಂತೆ, ಯಾವ ಊರೋ ಯಾರಿಗೂ ಗೊತ್ತಿಲ್ಲ. ಅವರ ಹತ್ತಿರ ಮೊಬೈಲೂ ಇರಲಿಲ್ಲವಂತೆ. ವರ್ಷವಿಡೀ ನನ್ನ ತಿಂಡಿ ವಿಚಾರಿಸಿದವರನ್ನು, ನಿಮ್ಮದಾಯಿತಾ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅಳು ಬಂತು.

ಈಗ ದಿನಾ ಹನ್ನೊಂದಕ್ಕೆ ನಾನೇ ಬೀರೂರಿಗೆ ಫೋನ್ ಮಾಡುತ್ತೇನೆ. ಹನ್ನೊಂದು ಸರ್ವರ್‌ಗಳ ನಡುವೆ ಅದು ಬಡಿದುಕೊಳ್ಳುತ್ತದೆ. ಉತ್ತರವಿಲ್ಲ. ನಾಳೆಯೂ ಮಾಡುತ್ತೇನೆ.