ಟೇಶನ್ನಿಗೆ ಹೋದ ತಾಬೂತು

“ಕುಡದು ಸತ್ತಾಂವನ ಹೇಣ್ತಿಗೆ ಇಷ್ಟು ಸೊಕ್ಕ ಇರಬಾರದು. ಕತ್ತರಿ ಕೆಳಗಿಟ್ಟು ಎದ್ದ ನಿಂತು ಮಾತಾಡು, ರಂಡಿ.”

ದೌಲತಬಿ ಕತ್ತರಿ ಕೆಳಗಿಡಲಿಲ್ಲ. ಮಡಿಸಿದ ಹಸಿರು ಕಾಗದದ ನಡುವೆ ಅದರ ಬಾಯಿ ಇತ್ತು. ಅರ್ಧಕ್ಕೆ ಬಿಟ್ಟರೆ ಎಸಳು ಹರಿಯುತ್ತದೆ. ಹೂವಿನ ಸುತ್ತು ಮುಗಿಸಿ, ಚೂರುಗಳನ್ನು ಒಂದು ಕಡೆ ಸರಿಸಿ, ಸೆರಗು ಹೊದ್ದುಕೊಂಡು ಎದ್ದಳು. ದೇಸಾಯರ ವಾಡೆಯ ಕಾರಭಾರಿ ಕಾಲಲ್ಲಿ ಜೋಡು ಹಾಕಿಕೊಂಡೇ ಅವಳ ಪಡಸಾಲೆಯ ಅಂಚಿನವರೆಗೆ ಬಂದಿದ್ದ. ಬೈಗುಳ ಅವಳಿಗಾದರೂ ಅವನ ಕಣ್ಣು ಅವಳ ಮೇಲಿರಲಿಲ್ಲ. ಅವಳ ಬೆನ್ನ ಹಿಂದೆ, ತೊಲೆಗೆ ತಲೆ ತಾಗುವಷ್ಟು ಎತ್ತರ ನಿಂತಿದ್ದ ತಾಬೂತಿನ ಮೇಲಿತ್ತು.

ಬಾಗಲಕೋಟೆಯ ಪಿಂಜಾರ ಓಣಿಯ ತಾಬೂತು ಎಂದರೆ ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತು. ಬಿದಿರ ಸೀಳಿನ ಹಂದರ, ಅದರ ಮೇಲೆ ಬಣ್ಣದ ಕಾಗದದ ಜಾಲರಿ, ಸಂದುಸಂದಿಗೆ ಅಭ್ರಕದ ಹಾಳೆ. ಕರ್ಬಲಾದಲ್ಲಿ ಮಡಿದ ಇಮಾಮ ಹುಸೇನರ ಗೋರಿಯ ನೆನಪಿಗೆ ಪ್ರತಿ ಮೊಹರಮ್ಮಿಗೆ ಅದನ್ನು ಹೊಸದಾಗಿ ಕಟ್ಟುತ್ತಾರೆ, ಕಡೆಯ ದಿನ ಹೆಗಲ ಮೇಲೆ ಹೊತ್ತು ಹೊಳೆಗೆ ಒಯ್ದು ನೀರಿಗೆ ಬಿಟ್ಟು ತಣ್ಣಗೆ ಮಾಡುತ್ತಾರೆ, ಅದೇ ದಫನ. ಹೊರುವುದಕ್ಕೆ ಮುಂಚೆ ಆ ಓಣಿಯದೇ ಒಂದು ರಿವಾಜು. ಹಿರಿಯನೊಬ್ಬ ತಾಬೂತಿನ ಬಿದಿರು ಹಿಡಿದು, ಆ ವರ್ಷ ಓಣಿಯಲ್ಲಿ ಸತ್ತವರ ಹೆಸರನ್ನು ಒಂದೊಂದಾಗಿ ಕೂಗುತ್ತಾನೆ. ಗಂಡಸಾದರೆ ‘ನಮ್ಮಾಂವ’ ಎಂದು, ಹೆಂಗಸಾದರೆ ‘ನಮ್ಮಾಕಿ’ ಎಂದು ಓಣಿಯೆಲ್ಲ ಓಗೊಡುತ್ತದೆ. ಅಷ್ಟಾದ ಮೇಲೆಯೇ ಸತ್ತವರು ಸತ್ತ ಹಾಗೆ. ಅಲ್ಲಿಯತನಕ ಅವರು ಎಲ್ಲೋ ಹಾದಿಯ ಮೇಲೆ ಇರುತ್ತಾರೆಂದು ಓಣಿಯ ಹೆಂಗಸರ ನಂಬಿಕೆ.

ದೌಲತಬಿಯ ಗಂಡ ಮಲೀಕಸಾಬ ಇನ್ನೂ ಹಾದಿಯ ಮೇಲೆಯೇ ಇದ್ದ. ಕಳೆದ ಬೇಸಿಗೆಯಲ್ಲಿ ಟೇಶನ್ನಿನಲ್ಲಿ ಪ್ರಯಾಣಿಕರು ತಂಗುವ ಮುಸಾಫರಖಾನೆ ಕಟ್ಟುವ ಗುತ್ತಿಗೆ ದೇಸಾಯರಿಗೆ ಆಗಿತ್ತು. ದೇಸಾಯರ ಜಾಗದಲ್ಲಿ ಮನೆ ಕಟ್ಟಿಕೊಂಡವರೆಲ್ಲ ಕೂಲಿಯಿಲ್ಲದೆ ಬಿಟ್ಟಿಗೆ ಬರಬೇಕೆಂದು ಹೇಳಿಕೆಯಾಯಿತು. ಹತ್ತಿ ಹಿಂಜುವ ಬಿಲ್ಲು ಗೋಡೆಗೆ ತೂಗುಹಾಕಿ ಮಲೀಕಸಾಬ ಹೋದ. ಮಾಡಿಗೆ ಏರಿಸುತ್ತಿದ್ದ ಹಾಸುಗಲ್ಲು ಹಗ್ಗ ಹರಿದು ಅವನ ಮೇಲೆ ಬಿತ್ತು. ಕುಡಿದು ಬಂದಿದ್ದ, ತಾನೇ ಹೋಗಿ ಕಲ್ಲಿನ ಕೆಳಗೆ ನಿಂತ, ಎಂದು ಕಾರಭಾರಿ ಪಾಟೀಲನೆದುರು ಹೇಳಿದ. ಜನ್ಮದಲ್ಲಿ ಸೇಂದಿಯ ವಾಸನೆ ನೋಡದವನು ಊರ ಬಾಯಲ್ಲಿ ಕುಡುಕನಾಗಿ ಮಣ್ಣಿಗೆ ಹೋದ.

ಅದಕ್ಕೇ ಗಂಡಹೆಂಡತಿ ಕೂಡಿ ಕಟ್ಟುತ್ತಿದ್ದ ತಾಬೂತನ್ನು ಈ ವರ್ಷ ದೌಲತಬಿ ಒಬ್ಬಳೇ ಕಟ್ಟಲು ಕೂತಿದ್ದಳು. ಬಿದಿರು ಸೀಳುವುದು ಇಬ್ಬರ ಕೆಲಸ, ಒಬ್ಬರು ಹಿಡಿಯಬೇಕು, ಒಬ್ಬರು ಸೀಳಬೇಕು. ಅವಳು ಕಾಲ್ಬೆರಳಲ್ಲಿ ಹಿಡಿದು ಕೈಯಲ್ಲಿ ಸೀಳಿದ್ದಳು. ಎರಡೂ ಪಾದದ ಬೆರಳ ಸಂದಿನಲ್ಲಿ ಗಾಯಗಳು ಒಣಗಿ ಕರ್ರಗಾಗಿದ್ದವು. ತಾಬೂತು ಏಳಬೇಕು, ಅದರೆದುರು ಅವನ ಹೆಸರು ಕೂಗಬೇಕು, ಓಣಿ ‘ನಮ್ಮಾಂವ’ ಅನ್ನಬೇಕು. ಅದರಾಚೆ ಅವಳಿಗೆ ಏನೂ ಬೇಕಾಗಿರಲಿಲ್ಲ.

“ಬೆಳಗಾವಿ ಕಡಿಂದ ದೊಡ್ಡ ಸಾಹೇಬ ಬರಾಕತ್ತಾನ,” ಎಂದ ಕಾರಭಾರಿ. “ಹೊಸಾ ಮುಸಾಫರಖಾನಿ ತೆರೀತಾನ. ಬಾಗಿಲದಾಗ ಒಂದು ಛಂದನ್ನ ಕೆಲಸಾ ಇರಬೇಕಂತ ಕಮಿಟಿಯವರು ಧಣ್ಯಾರಿಗೆ ವಪ್ಪಿಸ್ಯಾರ. ಧಣ್ಯಾರು ಇದನ್ನ ತರಸು ಅಂದ್ರು.”

“ಇದು ಆಟದ ಸಾಮಾನ ಅಲ್ರಿ. ಗೋರಿ ಐತ್ರಿ.”

“ನಮಗೂ ಕಣ್ಣ ಅದಾವು. ನಾಳೆ ಬಂಡಿ ಬರ್ತೈತಿ. ಉಳದ ಕೆಲಸಾ ಅಲ್ಲೇ ಕುಂತು ಮಾಡು.”

“ದಫನ ಆಗೂ ದಿನಾ ಯಾವಾಗರಿ ಕೊಡ್ತೀರಿ?”

“ದಫನದ ದಿನಾನ ಸಾಹೇಬ ಬರೂದು.” ಅವನು ಹೊರಟವನು ತಿರುಗಿ ನಿಂತ. “ಆಮ್ಯಾಲೂ ಅದು ಅಲ್ಲೇ ಇರತೈತಿ. ಹಳೀ ಬಟ್ಟಿ ಒಗದಂಗ ಹೊಳಿಗೆ ಒಗ್ಯಾಕ ಧಣ್ಯಾರೇನು ಪಿಂಜಾರರ?”

ಸಂಜೆ ಓಣಿಯ ಹಿರಿಯ ಖಾದರಬಾಷಾ ಬಂದ. ಹೆಸರು ಕೂಗುವವನು ಅವನೇ. ಒಳಗೆ ಬಾರದೆ ಹೊಸ್ತಿಲಿನ ಆಚೆ ಕೂತು ಗಡ್ಡ ನೀವಿಕೊಂಡ. ದೌಲತಬಿ ನೀರು ಕೊಟ್ಟಳು. ಕುಡಿದು ಚರಿಗೆ ಕೆಳಗಿಟ್ಟ.

“ಕೊಟ್ಟಬಿಡವ್ವಾ. ನನ್ನ ಹೊಲಾ ಅವರದು, ನಿನ್ನ ಮನಿ ಜಾಗಾ ಅವರದು.”

“ಒಯ್ಯಲಿ. ಪಂಜಾದ ಮುಂದರೆ ನಮ್ಮ ಮನಿಯವರ ಹೆಸರು ಕರೀತೀರೇನು, ಚಾಚಾ? ತಾಬೂತ ಇಲ್ಲದಿದ್ರೂ ಕುಂದರಿಸಿದ ಬೆಳ್ಳಿ ಹಸ್ತ ಇರತೈತೆಲ್ಲ.”

ಖಾದರಬಾಷಾ ಖಾಲಿ ಚರಿಗೆಯನ್ನು ಮತ್ತೆ ಎತ್ತಿ ಒಳಗೆ ನೋಡಿದ.

“ಈ ವರ್ಷ ಆ ಹೆಸರ ತಗೀಬ್ಯಾಡ ಅಂತ ಕಾರಭಾರಿ ಹೇಳಿ ಹೋಗ್ಯಾನ. ಸಾಹೇಬ ಊರಾಗ ಇದ್ದಾಗ ಗದ್ದಲ ಬ್ಯಾಡಂತ.”

“ನೀವೇನ ಅಂದ್ರಿ?”

“ನಾ ಏನ ಅನ್ನಲಿ?”

ಅವನು ಎದ್ದು ಹೋದ ಮೇಲೆ ದೌಲತಬಿ ಚರಿಗೆ ಒಳಗಿಟ್ಟು ಬಂದಳು. ಓಣಿಯಲ್ಲಿ ಒಲೆಗಳು ಹೊತ್ತಿದವು, ರೊಟ್ಟಿ ಬಡಿಯುವ ಸಪ್ಪಳ ಮನೆಯಿಂದ ಮನೆಗೆ ಹಬ್ಬಿತು. ಯಾರೂ ಅವಳ ಕಡೆ ಬರಲಿಲ್ಲ. ನಿನ್ನೆಯವರೆಗೆ ಕಾಗದ ಹಚ್ಚಲು ಬರುತ್ತಿದ್ದ ನೆರೆಮನೆಯ ಶಮಶಾದಬಿಯೂ ಬಾಗಿಲು ಮುಂದೆ ಮಾಡಿಕೊಂಡಳು.

ಮರುದಿನ ತಾಬೂತು ಹೇರಿದ ಬಂಡಿಯ ಹಿಂದೆ ಅವಳು ನಡೆದೇ ಟೇಶನ್ನಿಗೆ ಹೋದಳು. ಮಾಲು ತುಂಬಿಡುವ ಕೋಣೆಯಲ್ಲಿ, ಹತ್ತಿ ಒತ್ತಿ ಕಟ್ಟಿದ ಅಂಡಿಗೆಗಳ ನಡುವೆ, ಅವಳಿಗೆ ಜಾಗ ಕೊಟ್ಟರು. ಅಲ್ಲಿಂದ ಮುಸಾಫರಖಾನೆ ಎದುರಿಗೇ ಕಾಣುತ್ತಿತ್ತು. ಕೆಂಪುಕಲ್ಲಿನ ಕಂಬ, ಮೇಲೆ ಹಾಸುಗಲ್ಲಿನ ಮಾಡು. ಯಾವ ಕಲ್ಲು ಎಂದು ಅವಳು ಯಾರನ್ನೂ ಕೇಳಲಿಲ್ಲ. ಆದರೆ ಅಂಟು ಕಲೆಸುವಾಗ, ದಾರ ಕಚ್ಚಿ ಹರಿಯುವಾಗ, ಕಣ್ಣು ಒಂದೊಂದೇ ಕಲ್ಲಿನ ಮೇಲೆ ಹೋಗಿ ಬರುತ್ತಿತ್ತು.

ನೀರಡಿಸಿದಾಗ ಹೋಗಿ ನಳದ ಹತ್ತಿರ ನಿಂತಳು. ನೀರು ಹಾಕುವವನು ಹಿತ್ತಾಳೆಯ ಝಾರಿ ಮೇಲೆತ್ತಿ ಹಿಡಿದು, “ಬಿಟ್ಟಿಯವರಿಗೆ ಇಲ್ಲಿಲ್ಲ. ಎತ್ತಿನ ದೋಣಿ ಆಕಡಿ ಐತಿ ನೋಡು,” ಎಂದ. ಅವಳು ಎತ್ತು ಕುಡಿಯುವ ದೋಣಿಯ ಕಡೆ ಹೋಗಲಿಲ್ಲ. ಹಮಾಲ ಹುಲ್ಲಪ್ಪ ತನ್ನ ನೀರಿನ ತತ್ರಾಣಿ ತಂದು ಅವಳ ಪಕ್ಕ ಇಟ್ಟ. ಕುರುಬರ ದೇವರು ಬೀರಪ್ಪನ ಒಕ್ಕಲಿನವ, ಹೆಗಲ ಮೇಲೆ ಕಂಬಳಿ, ಹಣೆಯಲ್ಲಿ ಭಂಡಾರ. ಪಿಂಜಾರ ಓಣಿಯ ತಾಬೂತಿನ ಮುಂದೆ ಪ್ರತಿ ವರ್ಷ ಡೊಳ್ಳು ಬಾರಿಸುವವನು.

“ಕುಡಿ ಬೇ. ಬೀರಪ್ಪಗ ನೀರಿನ ಮೈಲಿಗಿ ಇಲ್ಲ. ಕುರಿ ಕುಡದ ಹಳ್ಳದಾಗ ಅಂವನೂ ಕುಡದಾನ.”

ಅವಳು ಕುಡಿದಳು. “ಈ ವರ್ಷ ಡೊಳ್ಳು?”

“ಎದರ ಮುಂದ ಬಾರಿಸಲಿ?” ಎಂದು ಅವನು ಮೂಟೆ ಹೊರಲು ಹೋದ.

ಒಂದು ಮಧ್ಯಾಹ್ನ ಕಮಿಟಿ ನೋಡಲು ಬಂತು. ದೇಸಾಯರು, ಮಾಮಲೇದಾರ, ಅಡತಿಯ ಸಾಹುಕಾರ. ಅಂಡಿಗೆಯ ಪಕ್ಕ ಕೂತಿದ್ದ ದೌಲತಬಿಯನ್ನು ದಾಟಿಕೊಂಡು ಹೋಗಿ ತಾಬೂತಿನ ಸುತ್ತ ತಿರುಗಿದರು. ಸಾಹುಕಾರ ಬೆತ್ತದ ತುದಿಯಿಂದ ಅಭ್ರಕವನ್ನು ಕುಕ್ಕಿ ನೋಡಿದ.

“ಎರಡು ನವಿಲು ಕುಂದರಿಸಬೇಕಿತ್ತು,” ಎಂದ. “ಸಾಹೇಬರಿಗೆ ನವಿಲು ಅಂದ್ರ ಭಾಳ ಪ್ರೀತಿ.”

“ಕೆಲಸ ನಾಜೂಕಿದೆ,” ಎಂದರು ಮಾಮಲೇದಾರರು. “ಯಾರು ಮಾಡಿದ್ದು?”

“ನಮ್ಮ ವಾಡೇದಾಗ ಮಾಡಿಸಿದ್ದು,” ಎಂದರು ದೇಸಾಯರು.

ತಾಬೂತಿನ ಹೊಟ್ಟೆಯಲ್ಲಿ, ನಾಲ್ಕೂ ಕಡೆ ಕಮಾನು ಇರುವಲ್ಲಿ, ಒಂದು ಪುಟ್ಟ ಕಟ್ಟೆ ಇತ್ತು. ಅದರ ಮೇಲೆ ಏನೂ ಇರಲಿಲ್ಲ. ದೇಸಾಯರು ಬಗ್ಗಿ ನೋಡಿ, ಕಾರಭಾರಿಗೆ ಸನ್ನೆ ಮಾಡಿದರು. ಅವನು ಬಟ್ಟೆಯ ಗಂಟು ಬಿಚ್ಚಿ ಚೌಕಟ್ಟು ಹಾಕಿದ ಫೋಟೋ ಹೊರತೆಗೆದ. ದೇಸಾಯರದೇ ಫೋಟೋ; ಜರಿ ರುಮಾಲು, ತುಂಬು ಕೆನ್ನೆ, ಮಂಡಿಯ ಮೇಲೆ ಊರಿದ ಕೈ.

“ಇದನ್ನ ಆ ಕಟ್ಟೀ ಮ್ಯಾಲ ಕಟ್ಟು. ರೈಲ ಇಳದವರಿಗೆ ಮೊದಲ ಕಾಣಬೇಕು,” ಎಂದರು ದೇಸಾಯರು, ದೌಲತಬಿಗೆ.

ದೌಲತಬಿ ಎದ್ದು ನಿಂತಳು. “ಅಲ್ಲಿ ಬ್ಯಾಡ್ರಿ, ಧಣಿ. ಅದು ಸತ್ತವರ ಜಾಗಾರಿ. ಅಲ್ಲಿ ಗೋರಿ ಇಡ್ತಾರ್ರಿ.”

ಕಾರಭಾರಿಯ ಕೈ ಅವಳ ಕೆನ್ನೆಗೆ ಬಿತ್ತು. ಕತ್ತರಿ ಕಲ್ಲಿನ ಮೇಲೆ ಬಿದ್ದು ಸದ್ದಾಯಿತು. ಮಾಮಲೇದಾರರು ಗಡಿಯಾರ ತೆಗೆದು ನೋಡಿದರು. ದೇಸಾಯರು ನಕ್ಕರು.

“ಬಡೀಬ್ಯಾಡೋ. ಹೆಂಗಸು, ತಿಳೀದಿಲ್ಲ. ಗೋರಿಗೀರಿ ನಿಮ್ಮ ಓಣ್ಯಾಗ, ಇಲ್ಲಿ ಇದು ಕಮಾನು. ಕಟ್ಟು.”

ಅವಳು ಕಟ್ಟಿದಳು. ಹಿಂದೊಂದು ಗಂಟು, ಮುಂದೊಂದು ಗಂಟು, ಅಲುಗದಂತೆ. ಎಲ್ಲರೂ ಹೋದ ಮೇಲೆ ಹುಲ್ಲಪ್ಪ ಬಂದು, ಕೈ ಕಟ್ಟಿಕೊಂಡು, ಬಹಳ ಹೊತ್ತು ಫೋಟೋ ನೋಡಿದ.

“ಖರೇನ ಗೋರ್ಯಾಗ ಕುಂತಾನಲ್ಲಬೇ, ಭಾಡ್ಯಾ. ತನ್ನ ಕಾಲ್ಲೆ ನಡಕೊಂತ ಬಂದು.”

“ನಾ ಹೇಳಿದೆ, ಹುಲ್ಲಪ್ಪಣ್ಣಾ.”

“ಕೇಳೇನಿ. ಕೆನ್ನಿ ಮ್ಯಾಲ ಬೆರಳು ಕಾಣಸಾಕತ್ತಾವು.”

ದಫನದ ದಿನ ಮುಂಜಾನೆ ತಾಬೂತನ್ನು ಮುಸಾಫರಖಾನೆಯ ಬಾಗಿಲಲ್ಲಿ ನಿಲ್ಲಿಸಿದರು. ದೌಲತಬಿ ಮಾಲಿನ ಕೋಣೆ ಬಿಟ್ಟು ಹೊರಗೆ ಬರಬಾರದೆಂದು ಕಾರಭಾರಿ ತಾಕೀತು ಮಾಡಿ ಹೋದ. ಬಾಗಿಲ ಸಂದಿನಿಂದ ಅವಳು ನೋಡುತ್ತ ಕೂತಳು. ಸೂರ್ಯ ಮೇಲೆ ಬಂದಂತೆ ಅಭ್ರಕ ಹೊಳೆಯಿತು. ಅವನಿದ್ದಾಗ ಇಂಥ ಹೊತ್ತಿಗೆ ಓಣಿಯಲ್ಲಿ ಶರಬತ್ತು ಕಲೆಸುತ್ತಿದ್ದರು.

ತಮಾಷೆ ನೋಡಲು ಜನ ಸೇರತೊಡಗಿದರು. ಹುನಗುಂದದ ಕಡೆಯಿಂದ ಬಂಡಿಯಲ್ಲಿ ಬಂದಿದ್ದ ಮುದುಕಿಯೊಬ್ಬಳು ತಾಬೂತು ಕಂಡವಳೇ ಚಪ್ಪಲಿ ಬಿಟ್ಟಳು. ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಸಕ್ಕರೆ ತೆಗೆದು ಕಟ್ಟೆಯ ಮೇಲಿಟ್ಟು ಕೈಮುಗಿದಳು. ಮುಖ ಎತ್ತಿ ಫೋಟೋ ನೋಡಿದಳು.

“ಅಯ್ಯ ಶಿವನ, ಮೈ ಕೈ ತುಂಬಿಕೊಂಡಾನ. ಎಂದ ತೀರಿದ್ನೋ ಯಪ್ಪಾ, ಏನಾಗಿತ್ತು?” ಎಂದು ಪಕ್ಕದ ಸಿಪಾಯಿಯನ್ನು ಕೇಳಿದಳು.

ಹಮಾಲರ ಸಾಲಿನಲ್ಲಿ ಯಾರೋ ಕೆಮ್ಮಿ ನಗು ನುಂಗಿದರು. ಕಾರಭಾರಿ ಓಡಿಬಂದು ಸಕ್ಕರೆಯನ್ನು ಅಂಗೈಯಿಂದ ಒರೆಸಿ ಹಾಕಿ, ಮುದುಕಿಯ ರಟ್ಟೆ ಹಿಡಿದು ತಂತಿಬೇಲಿಯಾಚೆ ನೂಕಿದ. “ದೇವರಿಗೆ ಇಟ್ಟದ್ದಲೋ ಅದು, ನಿನ್ನ ಕೈ ಸೇದಿ ಹೋಗಲಿ,” ಎಂದು ಮುದುಕಿ ಅಲ್ಲಿಂದಲೇ ಬೈದಳು.

ಆಮೇಲೆ ರೈಲು ಬಂತು. ಬಾಜಾ ಶುರುವಾಯಿತು. ದೊಡ್ಡ ಸಾಹೇಬ ಇಳಿದ, ಹಿಂದೆ ಅವನ ಹೆಂಡತಿ ಮಡ್ಡಮ್ಮ. ದೇಸಾಯರು ಹಾರ ಹಾಕಿದರು. ಮಡ್ಡಮ್ಮ ತಾಬೂತಿನ ಎದುರು ನಿಂತು ಕೊಡೆಯ ತುದಿಯಿಂದ ತೋರಿಸಿ ಏನೋ ಕೇಳಿದಳು. ಮಾಮಲೇದಾರರು ಅವಳ ಭಾಷೆಯಲ್ಲಿ ಹೇಳುತ್ತ ಕೈಯನ್ನು ದೇಸಾಯರ ಕಡೆ ಚಾಚಿದರು. ದೇಸಾಯರು ತಲೆ ಬಾಗಿಸಿದರು.

ದೌಲತಬಿಗೆ ಮಾತು ಕೇಳಿಸಲಿಲ್ಲ. ಚಾಚಿದ ಕೈ ಕಾಣಿಸಿತು. ಅವಳು ಎದ್ದಳು. ಸೀರೆಗೆ ಹತ್ತಿದ ಅಂಟನ್ನು ಕೆರೆದು ತೆಗೆದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲು ತೆರೆದು ಬಿಸಿಲಿಗೆ ಬಂದಳು. ಓಡಲಿಲ್ಲ. ಆ ನಡಿಗೆ ನೋಡಿ ಯಾರೋ ಕರೆಸಿರಬೇಕೆಂದು ಸಿಪಾಯಿ ದಾರಿ ಬಿಟ್ಟ. ತಾಬೂತಿನ ಹತ್ತಿರ ಬಂದು, ಗಂಡಸರು ಹಿಡಿಯುವ ಹಾಗೆ, ಮುಂದಿನ ಬಿದಿರನ್ನು ಬಲಗೈಯಲ್ಲಿ ಹಿಡಿದಳು. ಹೆಂಗಸರು ಅದನ್ನು ಹಿಡಿದದ್ದು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

“ಮಲೀಕಸಾಬ,” ಎಂದು ಕೂಗಿದಳು.

ಬಾಜಾದವರು ನಿಲ್ಲಿಸಬೇಕೋ ಬಾರಿಸಬೇಕೋ ತಿಳಿಯದೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಬೇಲಿಯಾಚೆ ಖಾದರಬಾಷಾ ನಿಂತಿದ್ದ, ಓಣಿಯ ಮತ್ತೆ ಕೆಲವರಿದ್ದರು. ಅವಳು ಅವರ ಕಡೆ ನೋಡಿದಳು. ಖಾದರಬಾಷಾ ನೆಲ ನೋಡಿದ. ಎಂಜಿನ್ನಿನ ಉಗಿ ಸುಯ್ಯೆನ್ನುತ್ತಿತ್ತು.

“ಈ ಮುಸಾಫರಖಾನೀ ಕಲ್ಲು ಬಿದ್ದು ಸತ್ತಾಂವ, ಮಲೀಕಸಾಬ,” ಎಂದು ಮತ್ತೆ ಕೂಗಿದಳು. ಯಾರೂ ಓಗೊಡಲಿಲ್ಲ. ಆ ಕೂಗು ಹಾಸುಗಲ್ಲಿನ ಮಾಡಿಗೆ ತಾಗಿ ಅವಳ ಕಿವಿಗೇ ವಾಪಸು ಬಂತು.

“ಎಳದ ಹಾಕ್ರಿ ಆ ರಂಡೀನ್ನ,” ಎಂದು ಕಾರಭಾರಿ ಹಲ್ಲು ಕಚ್ಚಿ ಹೇಳಿದ. ಇಬ್ಬರು ಸಿಪಾಯಿಗಳು ಅವಳ ತೋಳು ಹಿಡಿದರು. ಅವಳು ಬಿದಿರು ಬಿಡಲಿಲ್ಲ. ತಾಬೂತು ವಾಲಿತು, ಒಂದು ಗಂಟು ಹರಿಯಿತು, ಫೋಟೋ ಕಟ್ಟೆಯ ಮೇಲೆ ಮಕಾಡೆ ಬಿತ್ತು.

“ನಮ್ಮಾಂವ.”

ಹಮಾಲರ ಸಾಲಿನಿಂದ ಹುಲ್ಲಪ್ಪ ಒಂದು ಹೆಜ್ಜೆ ಮುಂದೆ ಬಂದಿದ್ದ. ತಲೆಯ ಮೇಲಿನ ಟ್ರಂಕನ್ನು ಕೆಳಗಿಳಿಸಿ, ಅದು ಸಾಹೇಬನ ಟ್ರಂಕು, ಕಂಬಳಿ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮತ್ತೊಮ್ಮೆ ಅಂದ. “ನಮ್ಮಾಂವ.”

ದೇಸಾಯರು ಸಾಹೇಬನನ್ನು ಒಳಗೆ ಕರೆದುಕೊಂಡು ಹೋಗಲು ಅವಸರಪಟ್ಟರು. ಮಡ್ಡಮ್ಮ ತಿರುತಿರುಗಿ ನೋಡುತ್ತ ಹೋದಳು. ಸಿಪಾಯಿಯೊಬ್ಬ ದೌಲತಬಿಯ ಬೆರಳನ್ನು ಬಿದಿರಿನಿಂದ ಒಂದೊಂದಾಗಿ ಬಿಡಿಸುತ್ತಿದ್ದ. ಸೀಳು ಅಂಗೈಗೆ ಹೊಕ್ಕು ರಕ್ತ ಹಸಿರು ಕಾಗದಕ್ಕೆ ಹತ್ತಿತು.

ಆಗ ಬೇಲಿಯ ಆಚೆ ತುದಿಯಿಂದ, ಮಣ್ಣು ಹೊರುವ ಬಿಟ್ಟಿಯವರು ನಿಂತಿದ್ದ ಕಡೆಯಿಂದ, ಗಂಡಸಿನ ದನಿಯೊಂದು ಹೆದರಿ ಹೆದರಿ ಬಂತು.

“ಬೋರವ್ವ.”

ಯಾವ ಬೋರವ್ವ, ಎಲ್ಲಿ ಸತ್ತಳು, ಮಣ್ಣು ಅಗೆಯುವ ಯಾವ ಗುಂಡಿಯಲ್ಲಿ, ದೌಲತಬಿಗೆ ಗೊತ್ತಿರಲಿಲ್ಲ. ಕೂಗಿದವನ ಮುಖವೂ ಕಾಣಲಿಲ್ಲ. ಅವಳನ್ನು ಆಗಲೇ ಮಾಲಿನ ಕೋಣೆಯ ಕಡೆಗೆ ಎಳೆಯುತ್ತಿದ್ದರು, ಹಿಮ್ಮಡಿ ಹೊಸ ಹಾಸುಗಲ್ಲಿನ ಮೇಲೆ ಉಜ್ಜುತ್ತಿತ್ತು. ಅವಳು ಕತ್ತು ಹೊರಳಿಸಿ ಆ ದನಿ ಬಂದ ಕಡೆ ಮುಖ ಮಾಡಿದಳು.

“ನಮ್ಮಾಕಿ,” ಎಂದಳು.