ಕರಡಿಗೆ ಎಲ್ಲಿತ್ತು

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಈ ಕಥೆಯನ್ನು ಹಲವರ ಬಾಯಿಂದ ಕೇಳಿದ್ದೆ. ವರ್ತಕ ಷಡಕ್ಷರಪ್ಪನವರ ಎದೆಬಡಿತ ನಿಂತುಹೋಯಿತು. ಎದೆಯ ಮೇಲಿದ್ದ ಇಷ್ಟಲಿಂಗ ಹೋದ ಜೀವವನ್ನು ಮರಳಿ ತಂದಿತು. ಹೇಳಿದವರೆಲ್ಲರೂ ಅದನ್ನು ಷಡಕ್ಷರಪ್ಪನವರಿಂದಲೇ ಕೇಳಿದ್ದರು. ಹಾಗಾಗಿ ನನ್ನ ಕಥಾಸಂಗ್ರಹಕ್ಕೆ ಬರೆದುಕೊಳ್ಳುವ ಮೊದಲು ಅವರ ಮನೆಗೇ ಹೋದೆ.

ಪಡಸಾಲೆಯಲ್ಲಿ ಅವರು ಕುಳಿತಿದ್ದರು. ಪತ್ನಿ ಕಮಲಾಕ್ಷಮ್ಮ ಹುರುಳಿ ಹಸನು ಮಾಡುತ್ತಿದ್ದರು. ಶಾಲೆಯ ಶಿಕ್ಷಕಿಯಾದ ಸೊಸೆ ಹೇಮಲತಾ ಕಾಫಿ ತಂದರು. ನನ್ನ ಲೋಟವನ್ನು ನನಗೆ ಕೊಟ್ಟರು. ಮಾವನ ಲೋಟವನ್ನು ಅತ್ತೆಯ ಕೈಗಿಟ್ಟು ಬಾಗಿಲ ಬಳಿ ಸರಿದು ನಿಂತರು.

“ಅಂಗಳದಲ್ಲಿ ಕೊಬ್ಬರಿ ಆರಿಸ್ತಾ ಬಿದ್ದೆ,” ಎಂದು ಷಡಕ್ಷರಪ್ಪನವರು ಆರಂಭಿಸಿದರು. “ಉಸಿರಿಲ್ಲ, ನಾಡಿಯಿಲ್ಲ. ಎದೆ ಮೇಲೆ ಲಿಂಗ ಐತಲ್ಲ, ಅದು ಬಿಡಲಿಲ್ಲ.”

“ಎದೆ ಮೇಲೆ ಎಲ್ಲಿತ್ತು ಕಣ್ರೀ?” ಕಮಲಾಕ್ಷಮ್ಮ ಮೊರದಿಂದ ತಲೆಯೆತ್ತಲಿಲ್ಲ. “ಲಿಂಗದ ಕರಡಿಗೆ ನನ್ನ ಮಡಿಲಲ್ಲಿತ್ತು.”

ಷಡಕ್ಷರಪ್ಪನವರು ಲೋಟ ಕೆಳಗಿಟ್ಟರು. ಕಮಲಾಕ್ಷಮ್ಮ ಮುಂದುವರಿಸಿದರು.

“ಆಳು ನಂಜಪ್ಪ ಫಿಟ್ಸ್ ಅಂದ್ಕೊಂಡು ನಿಮ್ಮ ಕೈಗೆ ಬೀಗದಕೈ ಗೊಂಚಲು ಹಿಡಿಸ್ದ. ನಾನು ಬಾಯಿಗೆ ನೀರು ಬಿಡೋಕೆ ಹೋದೆ. ಈ ಹೇಮಲತಾ ಚೊಂಬು ತಳ್ಳಿ, ನಿಮ್ಮ ಕೊರಳಿನ ಶಿವದಾರ ಬಿಡಿಸಿ, ಕರಡಿಗೆ ನನಗೆ ಕೊಟ್ಟು ಎದೆ ಒತ್ತೋಕೆ ಕೂತಳು. ‘ಮಾವನ ಮೈ ಮುಟ್ತೀಯೇನೇ’ ಅಂತ ಬೈದೆ. ಆಂಬುಲೆನ್ಸ್ ಬರೋವರೆಗೂ ಬಿಡಲಿಲ್ಲ. ಅದರೋರು ಎದೆಗೆ ಕರೆಂಟ್ ಕೊಟ್ಟ ಮೇಲೆ ನಾಡಿ ಬಂತು. ಬಿದ್ದ ಕೂಡಲೇ ಒತ್ತದೇ ಇದ್ದಿದ್ರೆ ಆ ಕರೆಂಟೂ ದಂಡ ಆಗ್ತಿತ್ತು ಅಂದ್ರಲ್ಲ ಡಾಕ್ಟ್ರು, ನಿಮಗೆ ಕೇಳಿಸಲಿಲ್ವಾ?”

ಲಿಂಗ ಮೈಯಿಂದ ಅಗಲಿದರೆ ಬದುಕಿದ್ದೂ ಸತ್ತಂತೆ ಎಂಬುದು ಆ ಮನೆತನದ ನಂಬಿಕೆ. ಉಳಿದದ್ದನ್ನು ಕಮಲಾಕ್ಷಮ್ಮನವರೇ ಹೇಳಿದರು. ಆಸ್ಪತ್ರೆಯಲ್ಲಿ ಕಣ್ಣುಬಿಟ್ಟವರು ಮೊದಲು ಎದೆ ತಡವಿಕೊಂಡು, “ಯಾರು ತೆಗೆದೋರು?” ಎಂದರಂತೆ. ತಿಳಿದ ಮೇಲೆ ಸೊಸೆ ಕೊಟ್ಟ ನೀರನ್ನು ಪಕ್ಕಕ್ಕಿಟ್ಟರಂತೆ. ಅಂದಿನಿಂದ ಅವಳ ಕೈಯಿಂದ ಏನನ್ನೂ ತೆಗೆದುಕೊಂಡಿಲ್ಲ. ಮಠಕ್ಕೆ ಹೋಗಿ ಮತ್ತೆ ಲಿಂಗ ಧರಿಸಿ ಬಂದು, ಮಂಡಿಯಲ್ಲಿ ಪವಾಡದ ಕಥೆ ಹೇಳಿದರು. ಲಿಂಗ ಅಗಲಿದ್ದನ್ನು ಮುಚ್ಚಲು ಸೊಸೆ ಮಾಡಿದ್ದನ್ನೂ ಮುಚ್ಚಿಡಬೇಕಾಯಿತು.

“ಹೋಗಲಿ ಬಿಡಿ ಅತ್ತೆ,” ಎಂದರು ಹೇಮಲತಾ. “ಮಾವಾರು ಎದ್ದು ಓಡಾಡ್ತಾ ಇದಾರಲ್ಲ, ಅಷ್ಟೇ ಸಾಕು.”

ಷಡಕ್ಷರಪ್ಪನವರ ಕಿವಿಗಳು ಕೆಂಪಾದವು. ಹೆಗಲ ಮೇಲಿನ ವಸ್ತ್ರದಿಂದ ಒರೆಸಲು ಏನೂ ಇಲ್ಲದ ಮುಖವನ್ನು ಒರೆಸಿಕೊಂಡರು.

“ಬರ್ಕೊಂಡ್ರಾ?” ಎಂದು ನನ್ನನ್ನು ಕೇಳಿದರು.

“ಇನ್ನೂ ಇಲ್ಲ.”

“ಕುಡಿಯೋಕೆ ಒಂಚೂರು ನೀರು ಕೊಡು ತಾಯಿ,” ಎಂದು ಷಡಕ್ಷರಪ್ಪನವರು ಸೊಸೆ ನಿಂತಿದ್ದ ಬಾಗಿಲ ಕಡೆಗೆ ಕೈ ಚಾಚಿದರು.

ಕಮಲಾಕ್ಷಮ್ಮ ಏಳಲಿಲ್ಲ. ಹೇಮಲತಾ ತಂದ ಚೊಂಬನ್ನು ಷಡಕ್ಷರಪ್ಪನವರು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದರು. ಕೊಟ್ಟವಳ ಕಡೆಗೆ ನೋಡಲಾಗಲಿಲ್ಲ.

“ಆಂಬುಲೆನ್ಸ್ ಬಂದಾಗ ಎದೆ ಮೇಲೆ ಕರಡಿಗೆ ಇರ್ಲಿಲ್ಲ,” ಎಂದು ಚೊಂಬಿನೊಳಗೆ ನೋಡುತ್ತಲೇ ಹೇಳಿದರು. “ಇವಳ ಕೈ ಇತ್ತು. ಹಂಗೇ ಬರ್ಕಳಿ. ಆದ್ರೆ ನಾಳೆ ಮಂಡೀಲಿ ಹೆಂಗೆ ಮುಖ ಎತ್ತಿ ಹೇಳೋದು?”

“ಮಂಡಿ ನಾಳೆಗಾಯ್ತು,” ಎಂದರು ಕಮಲಾಕ್ಷಮ್ಮ. “ಮೊದಲು ಇಲ್ಲಿ ಎತ್ತಿ.”

ನಾನು ಹೊರಡುವವರೆಗೂ ಷಡಕ್ಷರಪ್ಪನವರು ಮುಖ ಎತ್ತಿರಲಿಲ್ಲ.